ಭೀಮನ ಸುತ್ತು

ಹನುಮಂತರಾಜು ಕಾರಿನ ಹಿಂಬಾಗಿಲು ತೆಗೆದು "ಇಳಿ" ಎಂದ. ಭೀಮ ಮಿಸುಕಲಿಲ್ಲ. ಕೊರಳಪಟ್ಟಿ ಹಿಡಿದೆಳೆದು ಇಳಿಸಿ, ಸರಪಳಿ ಬಿಚ್ಚಿ ಕಾರಿನೊಳಕ್ಕೆ ಎಸೆದ. ದೇವರಾಯನದುರ್ಗದ ಆ ತಿರುವಿನಲ್ಲಿ ಅಷ್ಟು ಬೆಳಿಗ್ಗೆ ಯಾರೂ ಇರಲಾರರೆಂದು ಅವನ ಎಣಿಕೆ.

ಮೂರು ವರ್ಷದ ಹಿಂದೆ ಮಗಳು ಇಂಪನಾ ಹಟ ಹಿಡಿದು ತರಿಸಿಕೊಂಡ ನಾಯಿಮರಿ ಅದು. ಬಟವಾಡಿಯ ಮನೆಯ ಮೆಟ್ಟಿಲ ಕೆಳಗೇ ಬೆಳೆದು ದೊಡ್ಡದಾಯಿತು. ಈಚೆಗೆ ಸುಮ್ಮಸುಮ್ಮನೆ ಬೊಗಳುತ್ತಿತ್ತು. ಸ್ಕೂಟರಿನ ಸೀಟು ಹರಿಯಿತು, ತನ್ನ ಬಾಲವನ್ನೇ ಕಚ್ಚಿ ಹುಣ್ಣು ಮಾಡಿಕೊಂಡಿತು. ಮೊನ್ನೆ ಅನ್ನ ಹಾಕಲು ಹೋದ ಇಂಪನಾಳ ಕೈಗೂ ಹಲ್ಲು ತಾಗಿಸಿತು. ಇದಕ್ಕೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿ, ಇಂಜೆಕ್ಷನ್ ಹಾಕಿಸ್ಕೊಂಡು ಬರ್ತೀನಿ ಎಂದು ಮಗಳಿಗೆ ಸುಳ್ಳು ಹೇಳಿ ಹೊರಟಿದ್ದ.

ಕಾರು ಸ್ಟಾರ್ಟ್ ಮಾಡಿದ. ನಾಯಿ ಬೆನ್ನಟ್ಟಬಹುದು ಎಂಬ ಭಯವಿತ್ತು. ಅದು ಬೆನ್ನಟ್ಟಲೂ ಇಲ್ಲ, ಕಾಡಿನತ್ತ ಓಡಲೂ ಇಲ್ಲ. ಕತ್ತನ್ನು ಒಂದು ಕಡೆ ವಾಲಿಸಿ, ಆರು ಹೆಜ್ಜೆಯ ವೃತ್ತದಲ್ಲಿ ಸುತ್ತತೊಡಗಿತು. ಅಷ್ಟು ದೊಡ್ಡ ಬಯಲಿನಲ್ಲಿ, ಕಟ್ಟಿಹಾಕಿದ ಹಾಗೇ.

"ಏನಪ್ಪಾ, ನಾಯಿ ಬುಟ್ಟೋಗಕ್ ಬಂದ್ಯಾ?"

ಮರದ ಹಿಂದೆ ಸೌತೆಕಾಯಿ ಜೋಡಿಸುತ್ತಿದ್ದ ಮುದುಕಿಯನ್ನು ಅವನು ಆಗಲೇ ಕಂಡದ್ದು.

"ಇಲ್ಲಮ್ಮ. ವಾಕಿಂಗ್‌ಗೆ ಕರ್ಕೊಂಬಂದೆ."

"ವಾಕಿಂಗಾ? ಗಾಣದೆತ್ ಸುತ್ತದಂಗ್ ಸುತ್ತತೈತಲ್ಲಪ್ಪಾ. ಎಷ್ಟ್ ದಿನ ಆಯ್ತು ಕಟ್ಟಾಕಿ?"

"ದಿನಾ ಬಿಡ್ತೀವಲ್ಲಮ್ಮ" ಎಂದ. ಕೊನೆಯ ಸಲ ಬಿಟ್ಟದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ.

ಮುದುಕಿ ಭೀಮನ ಕೊರಳಲ್ಲಿ ಕೂದಲುದುರಿದ ಬಳೆಯಂಥ ಗುರುತನ್ನು ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ಮತ್ತೆ ಸೌತೆಕಾಯಿ ಜೋಡಿಸತೊಡಗಿದಳು. ಬೈದಿದ್ದರೆ ವಾಸಿಯಿತ್ತು ಎನಿಸಿತು ಅವನಿಗೆ.

ಎಂಜಿನ್ ಆರಿಸಿ ಇಳಿದ. "ಬಾರೋ ಭೀಮ" ಎಂದು ಕಾಲುದಾರಿ ಹಿಡಿದ. ಮೊದಲು ನಾಯಿ ಅವನ ಮಂಡಿಗೆ ಅಂಟಿಕೊಂಡೇ ನಡೆಯಿತು. ಹುಲ್ಲು ಮೂಸಿತು, ನಿಂತಿತು, ಇದ್ದಕ್ಕಿದ್ದಂತೆ ಓಡಿತು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಹಿಂಗಾಲು ಸೋತು ಮುಗ್ಗರಿಸಿತು. ಎದ್ದು ಮತ್ತೆ ಓಡಿತು. ನಾಲಿಗೆ ಜೋತುಬಿಟ್ಟುಕೊಂಡು ವಾಪಸು ಬಂದು, ಅವನೇನೋ ದೊಡ್ಡ ಉಪಕಾರ ಮಾಡಿದನೆಂಬಂತೆ ಅವನ ಕೈ ನೆಕ್ಕಿತು. ಹನುಮಂತರಾಜು ಮುಖ ಆಚೆ ತಿರುಗಿಸಿದ.

ಮರಳಿ ಬಂದಾಗ ಮುದುಕಿ ಅರ್ಧ ಸೌತೆಕಾಯಿ ಚಾಚಿದಳು. "ನಾಯ್ಗೆ ಆಕು. ದಣ್ದೈತೆ." ಅವನು ತಲೆ ಎತ್ತದೆ ತೆಗೆದುಕೊಂಡ.

ಮನೆಯಲ್ಲಿ ಇಂಪನಾ ಗೇಟಿನಲ್ಲೇ ಕಾಯುತ್ತಿದ್ದಳು.

"ಇಂಜೆಕ್ಷನ್ ಹಾಕ್ದಾಗ ಅಳ್ತಾ ಅಪ್ಪಾ?"

ಅವನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ. ಅವಳು ಭೀಮನ ಪಕ್ಕ ನೆಲದಲ್ಲಿ ಕೂತು ಹೊಟ್ಟೆ ಸವರಿ, "ಅಯ್ಯೋ, ಮೈಯೆಲ್ಲ ಉತ್ತರಾಣಿ ಮುಳ್ಳು! ಎಲ್ಲಿಗೋಗಿದ್ಯೋ ನೀನು?" ಎಂದಳು. ಕೇಳಿದ್ದು ನಾಯಿಯನ್ನು.

"ಕೈ ಹಿಡಿ ಅಪ್ಪಾ."

ಅವನು ಅಂಗೈ ಚಾಚಿ ನಿಂತ. ಅವಳು ಭೀಮನಿಗೆ ನೋಯದಂತೆ ಒಂದೊಂದೇ ಮುಳ್ಳು ಬಿಡಿಸಿ ಅದರಲ್ಲಿ ಇಡತೊಡಗಿದಳು.