ಗುರುತಿನ ಬಟ್ಟೆ

ಇದು ನಂದಲ್ಲ, ಇದೂ ನಂದಲ್ಲ, ಹಾಳಾದ ಬಾರಿಗಿಡ, ಬೆರಳಿಗೆ ಮುಳ್ಳು ಚುಚ್ಚಿತು, ಮುಕ್ತಿಯಾರ್ ಹಸಿರು ಬಟ್ಟೆಯ ಗಂಟನ್ನು ಹಲ್ಲಿನಿಂದ ಸಡಿಲಿಸಿ ಚೀಲಕ್ಕೆ ತುರುಕಿದ, ಮಸ್ಕಿಯ ಬಿಸಿಲು ನೆತ್ತಿ ಸುಡುತ್ತಿದೆ, ನಾಳೆ ಬೆಳಿಗ್ಗೆ ಸಿಂಧನೂರಿನಿಂದ ನಲವತ್ತು ಶಾಲಾಮಕ್ಕಳು ಗುಡ್ಡದ ದಾರಿ ನಡೆಯಲು ಬರುತ್ತಾರೆ, ಆ ದಾರಿಗೆ ಗುರುತು ಕಟ್ಟಿದವನು ತಾನೇ, ಒಂದು ಬಟ್ಟೆಯ ಹತ್ತಿರ ನಿಂತರೆ ಮುಂದಿನದು ಕಾಣಬೇಕು, ಹುಲ್ಲುಗಾವಲು ದಾಟಿ, ಬಂಡೆಗಳ ಸಂದಿನಲ್ಲಿ ನುಸುಳಿ, ಈಚಲು ಬೆಳೆದ ಹಳ್ಳದ ಗುಂಟ — ಎಷ್ಟು ಸರಳವಾಗಿತ್ತು! ದರ್ಗಾದ ಚಾದರದಂಥ ಹಸಿರು ಬಟ್ಟೆಯನ್ನೇ ಆರಿಸಿದ ತನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಕುರಿ ಕಾಯುವ ಮುದುಕಪ್ಪ ಮೊದಲ ಗಿಡದ ಮುಂದೆಯೇ ಚಪ್ಪಲಿ ಬಿಟ್ಟು ಕೈಮುಗಿದಿದ್ದ, ಯಾವ ಶರಣರು ಮಲಗ್ಯಾರಪ್ಪ ಇಲ್ಲಿ, ಯಾರೂ ಮಲಗಿಲ್ಲ ಮುತ್ಯಾ, ದಾರಿ ಗುರ್ತು ಅಷ್ಟ, ನಿನಗೇನ್ ಗೊತ್ತಲೇ ಸುಮ್ನಿರು. ಎಂಟು ದಿನದಲ್ಲಿ ಸಂತೆಕಲ್ಲೂರಿನ ಸಂಗಮ್ಮ ಕಾಯಿ ಒಡೆದಳು, ಜಮೀಲಾಬೀ ಊದುಬತ್ತಿ ಹಚ್ಚಿದಳು, ಹರಕೆಯ ಹಸಿರು ಬಟ್ಟೆಗಳು ಗಿಡದಿಂದ ಗಿಡಕ್ಕೆ ಹಬ್ಬಿದವು, ಹೋದ ವಾರ ಲಿಂಗಸುಗೂರಿನ ಗಂಡಹೆಂಡತಿ ಅವನ್ನೇ ನಂಬಿ ನಡೆದು ಕೊರಕಲಿಗೆ ಬಿದ್ದರು, ಹೆಂಗಸಿನ ಕಾಲು ಮುರಿಯಿತು. ಅರಣ್ಯ ಇಲಾಖೆಯ ಸಾಹೇಬರು ಗದರಿಸಿದ್ದು ಇನ್ನೂ ಕಿವಿಯಲ್ಲಿದೆ, ನಾಳಿ ಒಂದು ಹರಕಿ ಬಟ್ಟಿ ತಪ್ಪಿ ಉಳಿದ್ರ ನೀನೂ ಈ ಕೆಲಸದಾಗ ಉಳಿಯಾಂಗಿಲ್ಲ ನೋಡು.

ಸರಿ, ಬಿಚ್ಚಬೇಕು, ಆದರೆ ಕತ್ತರಿ ಹಚ್ಚಲು ಮನಸ್ಸು ಬರದೆ ಉಗುರು ಹಲ್ಲು ಸವೆಸುತ್ತಿದ್ದಾನೆ, ಗಂಟಿಗೊಂದು ಮಾಫಿ ಕೇಳುತ್ತಾನೆ, ಇದು ಯಾರ ಎಮ್ಮೆಯ ಹಾಲಿಗೋ, ಇದು ಯಾರ ಮಗಳ ನಿಕಾಹಕ್ಕೋ, ಎಲ್ಲೋ ಗೌಜಲಕ್ಕಿ ಕೂಗಿ ಕೂಗಿ ತಲೆ ತಿನ್ನುತ್ತಿದೆ. ಬಿಚ್ಚಬ್ಯಾಡ್ರೀ, ಯಾರ್ದೋ ಆಸೆ ಅದು, ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಹೆಂಡತಿ ಶಾಹೀಸ್ತಾ ಅಂದಿದ್ದಳು, ತಾನು ನಕ್ಕಿದ್ದ, ನಾ ಕಟ್ಟಿದ ಚಿಂದಿಗೆ ಎಲ್ಲಿಂದ ಬರ್ತದ ಶಕ್ತಿ, ಹರಿದು ಕೊಟ್ಟಾಕಿ ನೀನ ಅಲ್ಲೇನು, ಅವಳು ನಗಲಿಲ್ಲ, ರೊಟ್ಟಿ ಹೊತ್ತಿತು.

ಇದೊಂದೇ ಉಳಿದದ್ದು, ಕೊರಕಲಿನ ಅಂಚಿನ ಗಿಡ, ಅತ್ತ ಎರಡು ಹೆಜ್ಜೆ ಇಟ್ಟರೆ ಪಾತಾಳ. ಕಡ್ಡಿಯಿಂದ ಮಾಡಿದ ತೊಟ್ಟಿಲು, ಅಂಗೈಯಷ್ಟು, ತೂಗುತ್ತಿದೆ. ಕಟ್ಟಿದ ಬಟ್ಟೆ ಹಸಿರು ಚೌಕಳಿಯದು — ತನ್ನದೇ ಅಂಗಿ, ಹರಿದಿತ್ತು, ಒರಸಾಕ ಹಾಕೀನ್ರೀ ಅಂದಿದ್ದಳು ಶಾಹೀಸ್ತಾ. ಮದುವೆಯಾಗಿ ಹನ್ನೊಂದು ವರ್ಷ, ರಾಯಚೂರಿನ ದವಾಖಾನೆಗಳು, ಸಾಕ್ರೀ, ನಾವಿಬ್ಬರ ಇರೋಣು ಅಂದವಳು ಅವಳೇ, ಕೇಳಿ ತನಗೆಷ್ಟು ಹಗುರವಾಗಿತ್ತು, ನಂಬಿಬಿಟ್ಟಿದ್ದ, ಎಂಥ ದಡ್ಡ. ಚಿಂದಿ ಎಂದು ಗೊತ್ತಿದ್ದೂ ಇಷ್ಟು ದೂರ ಒಬ್ಬಳೇ ನಡೆದು ಬಂದಿದ್ದಾಳೆ, ಈ ಅಂಚಿನಲ್ಲಿ ನಿಂತು ಕೈಚಾಚಿದ್ದಾಳೆ. ಬಿಚ್ಚು, ನಲವತ್ತು ಮಕ್ಕಳು, ಯಾರೋ ಹೆತ್ತ ಮಕ್ಕಳು, ಬಿಚ್ಚಲೇ ಮುಕ್ತಿಯಾರ್ — ಕೈ ಏಳುತ್ತಿಲ್ಲ, ಗಾಳಿ ಬೀಸಿತು, ತೊಟ್ಟಿಲು ಅತ್ತ ಹೋಯಿತು, ಇತ್ತ ಬಂತು, ತೊಟ್ಟಿಲು, ಖಾಲಿ ತೊಟ್ಟಿಲು, ಅತ್ತ, ಇತ್ತ, ತೊಟ್ಟಿಲು