ಹನ್ನೊಂದನೆಯ ಪ್ರಶ್ನೆ

ಕಾಲೇಜು ಗ್ರಂಥಾಲಯದ ಕಂಪ್ಯೂಟರಿನ ಬಿಸಿಗಾಳಿ ಮೊಣಕಾಲಿಗೆ ತಾಗುತ್ತಿದೆ, ಪಕ್ಕದ ಹುಡುಗಿ ಆಗಲೇ ಇಪ್ಪತ್ತನೆಯ ಪ್ರಶ್ನೆಗೆ ಹೋದಳು, ಓದುವುದೂ ಇಲ್ಲ, ತುಂಬ ಚೆನ್ನಾಗಿ, ತುಂಬ ಚೆನ್ನಾಗಿ ಎಂದು ಒತ್ತಿಕೊಂಡೇ ಹೋಗುತ್ತಿದ್ದಾಳೆ, ಇವಳು ಮಾತ್ರ ಹನ್ನೊಂದರಲ್ಲೇ ಕೂತಿದ್ದಾಳೆ — ಸಿಕ್ಕಿದ ಮಾಹಿತಿ ನಂಬಲು ಯೋಗ್ಯವೇ ಎಂದು ನಾನು ತೀರ್ಮಾನಿಸಬಲ್ಲೆ. ಬಾಗಿಲಿಗೇ ಕುರ್ಚಿ ಹಾಕಿಕೊಂಡ ಗ್ರಂಥಪಾಲಕಿ ಮೊದಲೇ ಹೇಳಿದ್ದರು, ಇದು ಪರೀಕ್ಷೆ ಅಲ್ಲ, ನಿಮ್ಮ ಬಗ್ಗೆ ನಿಮಗೇನನ್ಸುತ್ತೋ ಅದನ್ನೇ ಒತ್ತಿ, ಆದ್ರೆ ಒಂದನ್ನೂ ಬಿಡೋ ಹಾಗಿಲ್ಲ, ಮುಗಿಸಿದವರಿಗೇ ಹಾಜರಿ. ತನಗೇನನಿಸುತ್ತದೆ? ನಾಲ್ಕು ತಿಂಗಳ ಹಿಂದೆ ಕೇಳಿದ್ದರೆ ಇವಳೂ ಕಣ್ಣುಮುಚ್ಚಿ ಒತ್ತುತ್ತಿದ್ದಳು, ಅಪ್ಪನ ಮಂಡಿನೋವಿಗೆ ವ್ಯಾಯಾಮ, ಚಿಕ್ಕಪ್ಪನಿಗೆ ಬಸ್ಸಿನ ವೇಳೆ, ಮನೆಯಲ್ಲಿ ಎಲ್ಲದಕ್ಕೂ ಇವಳೇ, ಅವಳನ್ನ ಕೇಳಿ, ಅವಳು ಹುಡುಕಿ ಹೇಳ್ತಾಳೆ — ಆಮೇಲೊಂದು ಮಧ್ಯಾಹ್ನ ಅಕ್ಕನ ಫೋನು, ಅವಳಿಗೆ ಎಂಟು ತಿಂಗಳು ತುಂಬಿತ್ತು, ಬೆಳಿಗ್ಗೆಯಿಂದ ಮಗು ಯಾಕೋ ಅಷ್ಟಾಗಿ ಒದೀತಿಲ್ಲ ಕಣೆ, ಡಾಕ್ಟರ ಹತ್ರ ಹೋಗ್ಬೇಕಾ, ಸ್ವಲ್ಪ ನೋಡಿ ಹೇಳು. ತರಗತಿಗೆ ಹೊತ್ತಾಗಿತ್ತು, ಮೆಟ್ಟಿಲು ಹತ್ತುತ್ತಲೇ ಮೊದಲು ಕಂಡ ಪುಟ ತೆರೆದಳು, ಮೊದಲ ಸಾಲು ಓದಿದಳು, ಕೊನೆಯ ತಿಂಗಳಲ್ಲಿ ಜಾಗ ಸಾಲದೆ ಮಗುವಿನ ಚಲನೆ ತಗ್ಗುವುದು ಸಹಜ — ಸಹಜ ಅಂತೆ ಅಕ್ಕ, ಗಾಬರಿ ಬೇಡ, ಎಡಮಗ್ಗುಲಾಗಿ ಮಲಗು. ಎರಡನೆಯ ಸಾಲು ಓದಿದ್ದು ಮೂರು ದಿನದ ಮೇಲೆ, ಆಸ್ಪತ್ರೆಯ ಬೆಂಚಿನಲ್ಲಿ, ಎಲ್ಲ ಮುಗಿದಿತ್ತು, ಆ ಸಹಜದ ಮುಂದೆ ಇದ್ದದ್ದು — ಎಂದು ಅನೇಕರು ತಪ್ಪಾಗಿ ತಿಳಿದಿರುತ್ತಾರೆ, ಕೂಡಲೇ ವೈದ್ಯರಿಗೆ ತೋರಿಸಿ.

ಯಾರೂ ಬೈಯಲಿಲ್ಲ, ಬೈದಿದ್ದರೆ ಉಸಿರಾಡಬಹುದಿತ್ತು, ಅಕ್ಕ ಬಂದವರಿಗೆಲ್ಲ ಅದನ್ನೇ ಹೇಳುತ್ತಾಳೆ, ಕೈಲಾದ್ದೆಲ್ಲ ಮಾಡಿದ್ವಿ, ನನ್ನ ತಂಗಿ ಓದಿ ನೋಡೇ ಹೇಳಿದ್ಲಲ್ಲ, ನಮ್ಮ ಹಣೇಲಿರಲಿಲ್ಲ, ನಿನ್ನೆ ಕೂಡ ಒಂದು ಚೀಟಿ ಹಿಡಿದು ಬಂದಳು, ಈ ಮಾತ್ರೆ ತಗೋಬಹುದಾ ನೋಡೆ, ಇವಳು ಅಂದು ಓದಿದ್ದು ಒಂದೇ ಸಾಲೆಂದು ಹೇಳಿಯೇಬಿಡಲು ಬಾಯಿ ತೆರೆದು, ನೋಡ್ತೀನಿ ಎಂದಳು. ಪಕ್ಕದ ಹುಡುಗಿ ಎದ್ದು ಹೋದಳು. ಇವಳು ಸ್ವಲ್ಪವೂ ಇಲ್ಲ ಎಂಬುದನ್ನು ಒತ್ತಿದಳು, ಕೆಳಗೊಂದು ಖಾಲಿ ಚೌಕ ತೆರೆದುಕೊಂಡಿತು, ಕಾರಣ ಬರೆಯಿರಿ — ಬಿಟ್ಟು ಮುಂದಕ್ಕೆ ಹೋಗಲು ನೋಡಿದಳು, ಕೆಂಪಕ್ಷರ, ಕಡ್ಡಾಯ. ಏನಮ್ಮ, ಇನ್ನೂ ಆಗ್ಲಿಲ್ವಾ, ಗ್ರಂಥಪಾಲಕಿ ಕುರ್ಚಿಯಿಂದಲೇ ಕೇಳುತ್ತಿದ್ದಾರೆ, ಆಯ್ತು ಮೇಡಂ, ಬೆರಳು ತುಂಬ ಚೆನ್ನಾಗಿ ಎಂಬುದನ್ನು ಒತ್ತಿತು, ಚೌಕ ಮುಚ್ಚಿಕೊಂಡಿತು, ಕಾರಣ ಯಾರೂ ಕೇಳಲಿಲ್ಲ, ಹನ್ನೆರಡನೆಯ ಪ್ರಶ್ನೆ ಬಂದಿದೆ, ಓದುತ್ತಾಳೆ, ತಲೆಗೆ ಹತ್ತುತ್ತಿಲ್ಲ, ಅಲ್ಲಿ, ಆ ಮಧ್ಯಾಹ್ನದಲ್ಲಿ, ಅಕ್ಕ ಫೋನು ಕೆಳಗಿಡುತ್ತಾಳೆ, ಹೇಳಿದ ಹಾಗೆ ಎಡಕ್ಕೆ ಹೊರಳುತ್ತಾಳೆ, ಹೊಟ್ಟೆಯ ಮೇಲೆ ಅಂಗೈ, ಸಮಾಧಾನವಾಗಿ ಕಣ್ಣು ಮುಚ್ಚುತ್ತಾಳೆ, ಎಡಕ್ಕೆ ಹೊರಳುತ್ತಾಳೆ, ಅಂಗೈ, ಕಾಯುತ್ತಿರುವ ಅಂಗೈ —