ಸೇತುವೆ ಬಂದಾಗ ಕೂಗಬೇಕು

ಸೋಯಾ ಹಾಲಿನ ಮೇಲೆ ಕೆನೆ ಕಟ್ಟುತ್ತಿದೆ, ಎರಡು ಬಟ್ಟಲು ತುಂಬಿಸಿಬಿಟ್ಟಿದ್ದಾಳೆ ಪೇಯ್-ಜುನ್, ಒಂದನ್ನು ತಿರುಗಿ ಪಾತ್ರೆಗೆ ಸುರಿಯಲು ಕೈ ಏಳದು, ನಿನ್ನೆ ಗಂಡನ ಬೂದಿ ಬೆಟ್ಟದ ಅಸ್ಥಿಗೋಪುರ ಸೇರಿತು, ಇನ್ನು ಅವನ ಜೀವ ನೆಲೆಸಬೇಕಾದ ಹೆಸರಿನ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ತೈನಾನ್‌ಗೆ ಮರಳುವಾಗ ಝೆಂಗ್‌ವೆನ್ ನದಿ, ಸೇತುವೆ ಬಂದಾಗ ಕೂಗಬೇಕು, ಕ್ವಾನ್-ಟಿಂಗ್, ಸೇತುವೆ ಬಂತು, ದಾಟು, ಎನ್ನಬೇಕು, ಇಲ್ಲದಿದ್ದರೆ ಹೋದವನ ಜೀವ ದಾರಿ ತಪ್ಪಿ ಆ ದಡದಲ್ಲೇ ನಿಲ್ಲುತ್ತದೆ — ಅವಳ ಬಾಯಿ ತೆರೆಯಲೇ ಇಲ್ಲ, ಕೆಳಗೆ ಕಂದು ನೀರು, ಗಾಜಿನಾಚೆ ಕಂಬಿ, ಕಂಬಿ, ಕಂಬಿ. ಕೂಗಿದೆ ತಾನೇ ಮಗಳೇ, ಅತ್ತೆ ಬಾಗಿಲಲ್ಲೇ ಕೇಳಿದರು, ಹೂಂ ಅತ್ತೆ, ಅಂದುಬಿಟ್ಟಳು. ಈಗ ಮೇಜಿನ ಮೇಲೆ ಲ್ಯಾಪ್‌ಟಾಪ್, ಅವನದಲ್ಲ, ಗೆಳೆಯ ಷೆಂಗ್-ವೇಯಿಂದ ಎರವಲು ತಂದದ್ದು, ಇಂದು ಮರಳಿಸಬೇಕು, ಅದಕ್ಕೆ ಮೊದಲು ಅವನ ಕೆಲಸವನ್ನು ನಕಲು ಮಾಡಿಕೊಳ್ಳಬೇಕು, ಕಪ್ಪು ಪರದೆಯಲ್ಲಿ ಒಂದೊಂದೇ ಫೋಲ್ಡರಿನ ಹೆಸರು ಪೂರ್ತಿ ಒತ್ತಿ ಇಳಿಯುತ್ತಾಳೆ, ಇಳಿದು ಇಣುಕುತ್ತಾಳೆ, ಮತ್ತೆ ಇಳಿಯುತ್ತಾಳೆ — ಏನೇ, ಪ್ರತಿ ಮನೆ ಬಾಗಿಲು ತಟ್ಕೊಂಡೇ ಊರು ಸೇರ್ತೀಯಾ, ಇದ್ದಾಗ ಕ್ವಾನ್-ಟಿಂಗ್ ಬೆನ್ನ ಹಿಂದೆ ನಿಂತು ನಗುತ್ತಿದ್ದ, ಹೆಸರಿನ ಎರಡಕ್ಷರ ಒತ್ತು ಸಾಕು, ನಾನು ಎಲ್ಲಿಗೆ ಹೆಚ್ಚು ಹೋಗ್ತೀನಿ ಅಂತ ಇದಕ್ಕೆ ಗೊತ್ತು, ಅಲ್ಲಿಗೇ ಬಿಡತ್ತೆ. ಒತ್ತಿದಳು. ಎಲ್ಲ ಮೆಟ್ಟಿಲು ಹಾರಿ ತಳದಲ್ಲಿದ್ದಳು, ಅವನ ಕೆಲಸ, ನದಿಯ ನೆರೆಯ ಲೆಕ್ಕ, ಅರ್ಧಕ್ಕೆ ನಿಂತದ್ದು. ಹಾಗಾದರೆ ದಿನವೂ ಮನೆಗೆ ಬಂದವನಿಗೆ ದಾರಿ ಹೇಳಬೇಕೇ, ತಾನೇ ಜಿಗಿದು ಬಂದಿರುತ್ತಾನೆ, ಬಂದಿದ್ದರೆ ಮನೆ ಇಷ್ಟು ಬರಿದೇಕೆ, ಕಂದು ನೀರು, ಕಂಬಿ. ಊಟ ಆಯ್ತಾ ಅತ್ತಿಗೆ, ಕಚೇರಿಯಲ್ಲಿ ಅವಳನ್ನು ಕಂಡು ಷೆಂಗ್-ವೇ ಎದ್ದು ನಿಂತ, ಇದಕ್ಕೇನು ಅವಸರ ಇತ್ತು, ಲ್ಯಾಪ್‌ಟಾಪ್ ತೆರೆದು ಅಭ್ಯಾಸಬಲದಿಂದ ತನ್ನದೇ ಫೋಲ್ಡರಿನ ಎರಡಕ್ಷರ ಒತ್ತಿದ, ಅದು ಹೋಗಿ ನಿಂತದ್ದು ಕ್ವಾನ್-ಟಿಂಗ್‌ನ ನೆರೆಯ ಲೆಕ್ಕದಲ್ಲಿ, ಕಳ್ಳ ನೋಡಿ, ನನ್ನ ಮಷಿನ್‌ಗೆ ತನ್ನ ದಾರಿ ಕಲಿಸ್ಬಿಟ್ಟಿದಾನೆ, ನಕ್ಕ, ನಗು ಅರ್ಧಕ್ಕೇ ಕಟ್ಟಿತು, ಈ ನೆನಪು ಅಳಿಸ್ಬೇಕು ಅತ್ತಿಗೆ, ಇಲ್ಲಾಂದ್ರೆ ನನ್ನ ಕೆಲಸ ಸಾಗಲ್ಲ, ಅಳಿಸ್ಲಾ — ತಾಳು ಷೆಂಗ್-ವೇ, ಬಾಗಿದಳು, ಪರದೆಗೆ ಉಸಿರು ತಾಗುವಷ್ಟು, ಕಚೇರಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ, ಕ್ವಾನ್-ಟಿಂಗ್, ಸೇತುವೆ ಬಂತು, ದಾಟು, ಬಾ — ಬಾಯಿ ತೆರೆದೇ ಇದೆ, ಷೆಂಗ್-ವೇಯ ಬೆರಳು ಅಳಿಸುವ ಗುಂಡಿಯ ಮೇಲೆ ಇಳಿಯಿತು, ಕಂದು ನೀರು, ಕಂಬಿ, ಕಂಬಿ